ಲಿಂಡೆ ಮರದ ಬುಡದ ಕೆಂಪು ತಿಗಣೆ



ಏಪ್ರಿಲ್ ತಿಂಗಳ ಭಾನುವಾರದ ಓದು ಕಾರ್ಯಕ್ರಮಕ್ಕೆ ಬಂದಿದ್ದವರಿಗೆ ಅವತ್ತು ಓದು ಒಂದು ಗಂಟೆ ತಡವಾಗಿ ಶುರುವಾದದ್ದು ನೆನಪಿರಬಹುದು. ಉಪ್ಪಿಟ್ಟು ಮುಗಿದು ಕಾಫಿ ಬರುವ ಹೊತ್ತಿಗೆ, ಊರಿಗೆ ಹೊಸದಾಗಿ ಬಂದ ಸಂಸಾರವೊಂದರಿಂದ ಫೋನು ಬಂತು. "ಸಾರ್, ನಾವು ಬರೋದು ಸ್ವಲ್ಪ ತಡ ಆಗುತ್ತೆ. ಮನೆ ಮುಂದಿನ ಮರದ ಬುಡದಲ್ಲೆಲ್ಲ ಕೆಂಪು ತಿಗಣೆ. ಒಂದೆರಡಲ್ಲ, ನೂರಾರು. ಮಗು ಅಲ್ಲೇ ಆಡ್ತಾ ಇತ್ತು. ನೀರು ಕಾಯೋಕೆ ಇಟ್ಟಿದ್ದೀವಿ, ಸುರಿದುಬಿಟ್ಟು ಬರ್ತೀವಿ."

"ಸ್ವಲ್ಪ ತಡೀರಮ್ಮಾ, ನಾವೇ ಅಲ್ಲಿಗೆ ಬರ್ತೀವಿ" ಎಂದು ನಮ್ಮಲ್ಲಿ ನಾಲ್ಕು ಜನ ಎದ್ದು ಹೊರಟೆವು. ನೆಕ್ಕಾರ್ ನದಿಯ ಈಚೆಗೆ, ನಾಯ್‌ನ್‌ಹೈಮ್‌ನಲ್ಲೇ ಎರಡು ಬೀದಿ ಆಚೆ ಅವರ ಮನೆ. ಹೋಗಿ ನೋಡಿದರೆ ಅವರು ಹೇಳಿದ್ದು ನಿಜ. ಲಿಂಡೆ ಮರದ ಬುಡದಲ್ಲಿ, ಬೇರಿನ ಸಂದಿಯಲ್ಲಿ, ಸುತ್ತಲ ಕುಳ್ಳು ಹುಲ್ಲಿನಲ್ಲಿ ಕೆಂಪು ಕಪ್ಪು ಹುಳಗಳ ಸಂತೆಯೇ ನೆರೆದಿತ್ತು. ಕೆಲವು ಬಿಸಿಲು ಕಾಯಿಸುತ್ತ ಒಂದರ ಮೇಲೊಂದು ಬಿದ್ದಿದ್ದವು. ಕೆಲವು ಜೋಡಿಗಳು ಹಿಂಭಾಗ ಅಂಟಿಸಿಕೊಂಡು, ಒಂದು ಮುಂದೆ ಎಳೆದರೆ ಇನ್ನೊಂದು ಹಿಮ್ಮುಖವಾಗಿ ನಡೆಯುತ್ತಿತ್ತು. ಮನೆಯ ಯಜಮಾನರು ಕೆಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಅವರನ್ನು ತಡೆಯಲು ನಾವು ಅವತ್ತು ಹೇಳಿದ್ದು ಇಷ್ಟೇ: ಇದು ಕಚ್ಚುವುದಿಲ್ಲ, ಮನೆ ಸೇರುವುದಿಲ್ಲ, ಬಿಟ್ಟುಬಿಡಿ. "ಹಾಗಾದರೆ ಇದೇನು?" ಎಂದು ಅವರ ಎಂಟು ವರ್ಷದ ಮಗಳು ಕೇಳಿದಾಗ ನಾಲ್ವರೂ ಮುಖ ಮುಖ ನೋಡಿಕೊಂಡೆವು. ಎಷ್ಟೋ ವರ್ಷಗಳಿಂದ ಈ ಊರಿನಲ್ಲಿ ಇದ್ದೇವೆ, ಪ್ರತಿ ವಸಂತದಲ್ಲೂ ಇದನ್ನು ದಾಟಿಕೊಂಡೇ ಟ್ರಾಮಿಗೆ ಓಡಿದ್ದೇವೆ. ನಮ್ಮಲ್ಲೇ ಇಬ್ಬರು ಹಿಂದೊಮ್ಮೆ ಇದರ ಮೇಲೆ ಕುದಿಯುವ ನೀರು ಸುರಿದವರು ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇವೆ. ಬರೆದು ತಿಳಿಸುತ್ತೇವೆ ಎಂದು ಆ ಹುಡುಗಿಗೆ ಮಾತು ಕೊಟ್ಟು ಬಂದೆವು. ಈ ಸಲದ ಮಿಂಚಂಚೆಯಲ್ಲಿ ಆ ಮಾತು ತೀರಿಸುತ್ತಿದ್ದೇವೆ.

ಹೆಸರಿನಿಂದ ಬಂದ ಭಯ

ಹೆದರಿಕೆ ಹುಟ್ಟಿಸಿದ್ದು ಹುಳಕ್ಕಿಂತ ಹೆಚ್ಚಾಗಿ ಅದಕ್ಕೆ ನಾವಿಟ್ಟ ಹೆಸರು. ತಿಗಣೆ ಎಂದೊಡನೆ ನಮಗೆ ನೆನಪಾಗುವುದು ಹಾಸ್ಟೆಲಿನ ಮಂಚ, ಹಳೆಯ ಟಾಕೀಸಿನ ಕುರ್ಚಿ, ರಾತ್ರಿಯಿಡೀ ಕೆರೆದುಕೊಂಡ ತೋಳು. ಜರ್ಮನರ ಪಾಡೂ ಇದೇ. ಅವರು ಇದನ್ನು ಫೊಯರ್‌ವಾಂಟ್ಸೆ ಎನ್ನುತ್ತಾರೆ. ಫೊಯರ್ ಎಂದರೆ ಬೆಂಕಿ, ವಾಂಟ್ಸೆ ಎಂದರೆ ತಿಗಣೆ. ಗೋಡೆಯಲ್ಲಿ ಕದ್ದು ಇಡುವ ಗೂಢಚಾರರ ಮೈಕಿಗೂ ಅವರಲ್ಲಿ ವಾಂಟ್ಸೆ ಎಂದೇ ಹೆಸರು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟಾಗ ಮಂಚದ ತಿಗಣೆಯ ಜೊತೆಗೇ ಸೇರಿಸಿ ಸೈಮೆಕ್ಸ್ ಆಪ್ಟೆರಸ್ ಎಂದ. ರೆಕ್ಕೆಯಿಲ್ಲದ ತಿಗಣೆ ಎಂದು ಅರ್ಥ. ನಂತರದವರು ಇದನ್ನು ಬೇರೆ ಕುಲಕ್ಕೆ ಸೇರಿಸಿ ಪಿರೊಕೋರಿಸ್ ಆಪ್ಟೆರಸ್ ಎಂದು ಕರೆದರು. ಗ್ರೀಕಿನಲ್ಲಿ 'ಪಿರ್' ಎಂದರೆ ಬೆಂಕಿ, 'ಕೋರಿಸ್' ಎಂದರೆ ಮತ್ತೆ ಅದೇ ತಿಗಣೆ!

ಹೀಗೆ ಕನ್ನಡ, ಜರ್ಮನ್, ಲ್ಯಾಟಿನ್, ಗ್ರೀಕ್ ಎಲ್ಲವೂ ಒಂದು ಮಂಚದ ಹುಳದ ಹೆಸರನ್ನು ಒಂದು ದೊಡ್ಡ ವಂಶಕ್ಕೆಲ್ಲ ಅಂಟಿಸಿವೆ. ಜಗತ್ತಿನಲ್ಲಿ ಈ ಗುಂಪಿನ ಕೀಟಗಳ 40,000ಕ್ಕೂ ಹೆಚ್ಚು ಜಾತಿಗಳಿವೆ, ಜರ್ಮನಿಯೊಂದರಲ್ಲೇ ಸುಮಾರು 900. ಇವುಗಳಲ್ಲಿ ಮನುಷ್ಯನ ರಕ್ತ ಕುಡಿಯುವವು ಬೆರಳೆಣಿಕೆಯಷ್ಟು. ಉಳಿದವು ಹುಲ್ಲಿನಲ್ಲಿ, ಕಳೆಗಿಡಗಳಲ್ಲಿ, ತರಗೆಲೆಯ ಕೆಳಗೆ, ಕೆರೆಯ ನೀರಿನ ಮೇಲೆ ತಮ್ಮ ಪಾಡಿಗೆ ಬದುಕುತ್ತವೆ.

ನೆರೆಮನೆಯ ಜರ್ಮನ್ ಅಜ್ಜಿಯರು ಇದನ್ನು 'ಬೆಂಕಿ ಜೀರುಂಡೆ' ಎಂದೂ ಕರೆಯುವುದುಂಟು. ಅದು ತಪ್ಪು. ಜೀರುಂಡೆಗೆ ಕಚ್ಚಿ ಅಗಿಯುವ ದವಡೆಗಳಿವೆ, ತಿಗಣೆ ವಂಶಕ್ಕೆ ಚುಚ್ಚಿ ಹೀರುವ ಕೊಳವೆಯಿದೆ. ಜೀರುಂಡೆ ಚಿಟ್ಟೆಯ ಹಾಗೆ ಮರಿಹುಳವಾಗಿ, ಕೋಶಾವಸ್ಥೆಯಲ್ಲಿ ಮಲಗಿ, ಆಮೇಲೆ ಪೂರ್ತಿ ಬೇರೆ ರೂಪದಲ್ಲಿ ಏಳುತ್ತದೆ. ತಿಗಣೆಯ ಮರಿ ಹುಟ್ಟುವಾಗಲೇ ಅಪ್ಪ ಅಮ್ಮನ ಹಾಗೆ ಇರುತ್ತದೆ. ಐದು ಸಲ ಪೊರೆ ಕಳಚಿ ದೊಡ್ಡದಾಗುತ್ತದೆ. ಐದನೆಯ ಪೊರೆ ಬಿಟ್ಟಾಗ ರೆಕ್ಕೆ ಮೂಡಿ ಪ್ರಾಯಕ್ಕೆ ಬರುತ್ತದೆ. ಈ 'ಐದು' ಎಂಬ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುರುತು ಹಿಡಿಯುವುದು ಸುಲಭ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಚಪ್ಪಟೆ ಮೈ, ಕಪ್ಪು ತಲೆ. ಕೆಂಪು ಬೆನ್ನಿನ ಮೇಲೆ ಎರಡೂ ಬದಿಗೆ ಒಂದೊಂದು ದುಂಡನೆಯ ಕಪ್ಪು ಬೊಟ್ಟು. ತಲೆಕೆಳಗಾಗಿ ನೋಡಿದರೆ ದೃಷ್ಟಿಗೊಂಬೆಯ ಮುಖದ ಹಾಗೆ ಕಾಣುತ್ತದೆ. ಈ ಕೆಂಪು ಹಕ್ಕಿಗಳಿಗೆ ಎಚ್ಚರಿಕೆ: ನಾನು ತಿನ್ನಲು ರುಚಿಯಲ್ಲ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಎರಡನೆಯ ಸಲ ಯೋಚಿಸುತ್ತದೆ. ಇವು ಗುಂಪುಗೂಡಿದಷ್ಟೂ ಆ ಎಚ್ಚರಿಕೆ ದೂರದಿಂದಲೇ ಕಾಣುತ್ತದೆ. ಲಿನೇಯಸ್ ಇದನ್ನು ರೆಕ್ಕೆಯಿಲ್ಲದ್ದು ಎಂದನಾದರೂ ಅದು ಪೂರ್ತಿ ಸರಿಯಲ್ಲ. ಹೆಚ್ಚಿನವಕ್ಕೆ ಮೋಟು ರೆಕ್ಕೆ, ಕೆಲವಕ್ಕೆ ಉದ್ದ ರೆಕ್ಕೆಯೂ ಬರುತ್ತದೆ. ಆದರೂ ಇವು ಜೀವಮಾನವಿಡೀ ಕಾಲ್ನಡಿಗೆಯವೇ ಎನ್ನಬಹುದು.

ಚಳಿಗಾಲವನ್ನು ದೊಡ್ಡವು ತರಗೆಲೆಯ ಕೆಳಗೆ, ತೊಗಟೆಯ ಸಂದಿಯಲ್ಲಿ ಗುಂಪಾಗಿ ಕಳೆಯುತ್ತವೆ. ಹಗಲು ಗಿಡ್ಡವಾಗುತ್ತ ಬಂದಂತೆ ಮೊಟ್ಟೆಯಿಡುವ ಕೆಲಸ ನಿಲ್ಲಿಸುತ್ತವೆ. ಫೆಬ್ರುವರಿ-ಮಾರ್ಚಿನ ಮೊದಲ ಬಿಸಿಲಿಗೆ ಹೊರಬರುತ್ತವೆ. ಏಪ್ರಿಲ್-ಮೇನಲ್ಲಿ ಜೋಡಿಯಾಗುತ್ತವೆ. ಆ ಜೋಡಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡಿಸಿಕೊಳ್ಳುವುದಿಲ್ಲ. ಬೇರೆ ಗಂಡು ಹತ್ತಿರ ಬಾರದಿರಲಿ ಎಂದು ಗಂಡು ಕಾಯುವ ಉಪಾಯ ಇದು. ಹೆಣ್ಣು ಒದ್ದೆ ಮಣ್ಣಿನಲ್ಲಿ, ಎಲೆಯ ಕೆಳಗೆ ಮೊಟ್ಟೆಯಿಡುತ್ತದೆ. ಬೇಸಿಗೆಯಲ್ಲಿ ಮರಿಗಳ ಕಾಲ. ನಮ್ಮ ಹೊಸ ಸಂಸಾರ ಫೋನು ಮಾಡಿದ್ದು ಸರಿಯಾಗಿ ಮದುವೆಯ ಮುಹೂರ್ತದಲ್ಲಿ.

ಲಿಂಡೆಯೂ ಬೆಂಡೆಯೂ ನೆಂಟರು

ಈ ಹುಳ ಲಿಂಡೆ ಮರವನ್ನೇ ಏಕೆ ಹುಡುಕಿಕೊಂಡು ಬರುತ್ತದೆ?

ಲಿಂಡೆ ಜರ್ಮನ್ ಹಳ್ಳಿಗಳ ಅರಳೀಮರ. ಹಿಂದೆ ಊರ ನಡುವಿನ ಲಿಂಡೆಯ ಕೆಳಗೆ ಪಂಚಾಯ್ತಿ ಕೂರುತ್ತಿತ್ತು, ನ್ಯಾಯ ತೀರ್ಮಾನವಾಗುತ್ತಿತ್ತು, ಹಬ್ಬದಲ್ಲಿ ಕುಣಿತವಿರುತ್ತಿತ್ತು. ಜೂನ್‌ನಲ್ಲಿ ಅದು ಹೂ ಬಿಟ್ಟಾಗ ಬೀದಿಯೆಲ್ಲ ಜೇನಿನ ವಾಸನೆ. ಆ ಹೂವನ್ನು ಒಣಗಿಸಿ ನೆಗಡಿಗೆ ಕಷಾಯ ಮಾಡುತ್ತಾರೆ. ಹೂವಿನ ನಂತರ ಬಟಾಣಿ ಗಾತ್ರದ ಗಟ್ಟಿ ಕಾಯಿಗಳು ಉದುರುತ್ತವೆ. ಬೆಂಕಿ ತಿಗಣೆಗೆ ಬೇಕಾದದ್ದು ಅವು. ಬಿದ್ದ ಬೀಜಕ್ಕೆ ಕೊಳವೆ ಚುಚ್ಚಿ, ತನ್ನ ಜೊಲ್ಲನ್ನು ಒಳಗೆ ಬಿಟ್ಟು, ಒಳಗಿನ ಸಾರವನ್ನು ಕರಗಿಸಿ ಹೀರುತ್ತದೆ. ಮರದ ಮೇಲಿನ ಎಲೆಗೂ ಹೂವಿಗೂ ತೊಂದರೆಯಿಲ್ಲ. ಹೇಗೂ ನಗರಸಭೆಯವರು ಗುಡಿಸಿ ಎಸೆಯುವ ಬೀಜಗಳನ್ನು ಇದು ಊಟ ಮಾಡುತ್ತದೆ.

ಇದೇ ಹುಳ ಅಂಗಳದ ದಾಸವಾಳದ ಬುಡದಲ್ಲೂ, ದಾರಿಬದಿಯ ಮ್ಯಾಲೋ ಎಂಬ ನೇರಳೆ ಹೂವಿನ ಕುಳ್ಳು ಗಿಡಗಳ ನಡುವೆಯೂ ಸಿಗುತ್ತದೆ. ಮುಗಿಲೆತ್ತರದ ಲಿಂಡೆಗೂ ಮೊಣಕಾಲೆತ್ತರದ ಮ್ಯಾಲೋಗೂ ಏನು ಸಂಬಂಧ? ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ ಕುಟುಂಬಗಳು. 1998ರಲ್ಲಿ ಸಸ್ಯಗಳ ಡಿಎನ್‌ಎ ಹೋಲಿಸಿ ಹೊಸ ವರ್ಗೀಕರಣ ಮಾಡಿದಾಗ ಲಿಂಡೆಯ ಕುಟುಂಬ, ಬೂರುಗದ ಕುಟುಂಬ, ಕೋಕೋ ಕುಟುಂಬ ಇವನ್ನೆಲ್ಲ ಮಾಲ್ವೇಸಿ ಎಂಬ ದಾಸವಾಳದ ಕುಟುಂಬದೊಳಗೆ ಸೇರಿಸಿದರು. ಅಂದರೆ ದಾಸವಾಳ, ಬೆಂಡೆ, ಹತ್ತಿ, ಬೂರುಗ, ಪುಂಡಿಸೊಪ್ಪು, ಸೆಣಬು, ಚಾಕೊಲೆಟ್ಟಿನ ಕೋಕೋ ಮತ್ತು ಈ ಲಿಂಡೆ ಒಂದೇ ಮನೆತನ. ಬೆಂಡೆಕಾಯಿ ಹೆಚ್ಚಿದಾಗ ಬರುವ ಲೋಳೆ ಲಿಂಡೆಯ ಎಳೆಯ ಎಲೆಯಲ್ಲೂ ಇದೆ. ಪುಸ್ತಕಗಳು ಬದಲಾಗುವ ಎಷ್ಟೋ ಕಾಲದ ಮೊದಲಿನಿಂದ ಈ ಹುಳ ಆ ನೆಂಟಸ್ತನವನ್ನು ಪಾಲಿಸಿಕೊಂಡು ಬಂದಿದೆ. ಹಾಗೆಂದು ಅದು ಕಟ್ಟಾ ವ್ರತಸ್ಥನೇನೂ ಅಲ್ಲ. ಬೇರೆ ಮರದ ಬೀಜವನ್ನೂ, ಸತ್ತ ಹುಳವನ್ನೂ, ಆಗಷ್ಟೇ ಪೊರೆ ಬಿಟ್ಟು ಮೆತ್ತಗಿರುವ ತನ್ನದೇ ಜಾತಿಯ ಬಡಪಾಯಿಯನ್ನೂ ಹೀರಿಬಿಡುವುದುಂಟು.

ಊರಿನ ದಾಯಾದಿ

ಧಾರವಾಡ, ಹಾವೇರಿ, ರಾಯಚೂರು ಕಡೆಯವರಿಗೆ ಇಷ್ಟು ಹೊತ್ತಿಗೆ ಗುರುತು ಹತ್ತಿರಬೇಕು. ಒಡೆದ ಹತ್ತಿ ಕಾಯಿಯ ಮೇಲೆ, ಬಲಿತ ಬೆಂಡೆಯ ಮೇಲೆ ಗುಂಪಾಗಿ ಕೂರುವ, ಹೊಟ್ಟೆಯಡಿ ಬಿಳಿ ಪಟ್ಟೆಗಳಿರುವ ಹತ್ತಿಯ ಕೆಂಪು ತಿಗಣೆ ಇದರ ಸ್ವಂತ ಕುಟುಂಬದ್ದು. ಡಿಸ್ಡರ್ಕಸ್ ಎಂದು ಅದರ ಕುಲದ ಹೆಸರು. ಅದೂ ಹೀಗೆಯೇ ಹಿಂದೆ ಮುಂದೆ ಜೋಡಿಯಾಗಿ ನಡೆಯುತ್ತದೆ, ಹೀಗೆಯೇ ಬೀಜ ಹೀರುತ್ತದೆ. ಆದರೆ ಅದು ಹೀರುವುದು ರೈತನ ಹತ್ತಿಬೀಜ. ಚುಚ್ಚಿದ ಗಾಯದಿಂದ ಶಿಲೀಂಧ್ರ ಒಳಹೊಕ್ಕು ಅರಳೆಗೆ ಹಳದಿ ಕಲೆ ಬೀಳುತ್ತದೆ, ಬೀಜ ಜೊಳ್ಳಾಗುತ್ತದೆ, ಜಿನ್ನಿಂಗ್ ಯಂತ್ರದಲ್ಲಿ ಹುಳ ಜಜ್ಜಿದರೆ ಮತ್ತಷ್ಟು ಕಲೆ. ಅಲ್ಲಿ ರೈತ ಅದನ್ನು ಶತ್ರು ಎನ್ನುವುದಕ್ಕೆ ಕಾರಣವಿದೆ. ಇಲ್ಲಿ ಲಿಂಡೆ ಬೀಜವನ್ನು ಯಾರೂ ಬೆಳೆದು ಮಾರುವುದಿಲ್ಲ, ಹಾಗಾಗಿ ಇಲ್ಲಿಯದಕ್ಕೆ ಶತ್ರುವಿನ ಪಟ್ಟ ಕಟ್ಟಲು ಕಾರಣವೇ ಇಲ್ಲ. ಹೊಲದ ಸಿಟ್ಟನ್ನು ಕಡಲಾಚೆಗೆ ಹೊತ್ತು ತಂದು ಬೀದಿಮರದ ಬುಡದಲ್ಲಿ ತೀರಿಸಿಕೊಳ್ಳಬೇಕಾಗಿಲ್ಲ. ಹತ್ತಿಹೊಲದಲ್ಲೂ ಲೆಕ್ಕ ಸಮ ಮಾಡುವ ಒಬ್ಬ ದಾಯಾದಿ ಇದ್ದಾನೆ. ಆಂಟಿಲೋಕಸ್ ಎಂಬ ಇನ್ನೊಂದು ಕೆಂಪು ತಿಗಣೆ, ಅದೇ ಕುಟುಂಬದ್ದು, ಹತ್ತಿ ತಿಗಣೆಯನ್ನೇ ಹಿಡಿದು ತಿನ್ನುತ್ತದೆ.

ಇಲ್ಲಿಯದಕ್ಕೂ ಹತ್ತಿ ತಿಗಣೆಗಳಿಗೂ ಇನ್ನೊಂದು ಸಾಮ್ಯ ಹೊಟ್ಟೆಯೊಳಗಿದೆ. ಬರೀ ಬೀಜದ ಊಟದಲ್ಲಿ ಕೆಲವು ಬಿ ಜೀವಸತ್ವಗಳು ಸಾಲುವುದಿಲ್ಲ. ಅವನ್ನು ಒದಗಿಸಿಕೊಡುವ ಬ್ಯಾಕ್ಟೀರಿಯಾಗಳು ಈ ಹುಳಗಳ ಕರುಳಿನಲ್ಲಿ ವಾಸ ಮಾಡುತ್ತವೆ. ತಾಯಿ ಮೊಟ್ಟೆಯಿಡುವಾಗ ಅವನ್ನು ಮೊಟ್ಟೆಯ ಮೇಲೆ ಸವರಿಬಿಡುತ್ತಾಳೆ, ಮರಿಗಳಿಗೆ ಅಲ್ಲಿಂದ ಸಿಗುತ್ತದೆ. ಯೇನಾ ನಗರದ ಮ್ಯಾಕ್ಸ್ ಪ್ಲಾಂಕ್ ರಾಸಾಯನಿಕ ಪರಿಸರ ವಿಜ್ಞಾನ ಸಂಸ್ಥೆಯವರು 2010ರ ದಶಕದಲ್ಲಿ ಮೊಟ್ಟೆಗಳನ್ನು ತೊಳೆದು ಬ್ಯಾಕ್ಟೀರಿಯಾ ಇಲ್ಲದ ಮರಿಗಳನ್ನು ಬೆಳೆಸಿ ನೋಡಿದರು. ಅವು ಸೊರಗಿದವು, ಹೆಚ್ಚು ಸತ್ತವು. ನಮ್ಮ ತಾಯಂದಿರು ಮಗಳು ಹೊಸ ಮನೆ ಹೂಡುವಾಗ ಒಂದು ಚಮಚ ಹೆಪ್ಪು ಕೊಟ್ಟು ಕಳಿಸುತ್ತಾರಲ್ಲ, ಇದು ಅದೇ ಕೆಲಸ.

ಎಕ್ಸ್ ಎಂಬ ಅಕ್ಷರ

1891ರಲ್ಲಿ ಹರ್ಮನ್ ಹೆಂಕಿಂಗ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞ ಇದೇ ಹುಳದ ಗಂಡಿನ ವೀರ್ಯಾಣುಗಳು ಹೇಗೆ ತಯಾರಾಗುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಬಣ್ಣ ಹಾಕಿದಾಗ ಕಾಣುವ ಕ್ರೋಮೋಸೋಮುಗಳು ಜೋಡಿಜೋಡಿಯಾಗಿ ನಿಂತು ಎರಡು ಭಾಗವಾಗುತ್ತಿದ್ದವು. ಹನ್ನೊಂದು ಜೋಡಿ. ಆದರೆ ಹನ್ನೆರಡನೆಯದಕ್ಕೆ ಜೋಡಿ ಇರಲಿಲ್ಲ. ಅದು ಇಡಿಯಾಗಿ ಒಂದು ಕಡೆಗೆ ಹೋಗಿ ಸೇರುತ್ತಿತ್ತು. ಹಾಗಾಗಿ ಅರ್ಧ ವೀರ್ಯಾಣುಗಳಿಗೆ ಹನ್ನೊಂದು, ಉಳಿದರ್ಧಕ್ಕೆ ಹನ್ನೆರಡು. ಅದು ಕ್ರೋಮೋಸೋಮೇ ಹೌದೋ ಅಲ್ಲವೋ ಎಂದು ಅವನಿಗೆ ಖಾತ್ರಿಯಾಗಲಿಲ್ಲ. ಚಿತ್ರದಲ್ಲಿ ಅದರ ಪಕ್ಕಕ್ಕೆ ಎಕ್ಸ್ ಎಂದು ಬರೆದ.

ಆ ಅಕ್ಷರ ಹಾಗೆಯೇ ಉಳಿದುಕೊಂಡಿತು. ಹೆಣ್ಣೋ ಗಂಡೋ ಎಂಬುದಕ್ಕೂ ಇದಕ್ಕೂ ಸಂಬಂಧವಿರಬೇಕೆಂದು ಅಮೆರಿಕದ ಮೆಕ್‌ಕ್ಲಂಗ್ ಕೆಲವು ವರ್ಷಗಳ ನಂತರ ಊಹಿಸಿದ. 1905ರಲ್ಲಿ ನೆಟಿ ಸ್ಟೀವನ್ಸ್ ಮತ್ತು ಎಡ್ಮಂಡ್ ವಿಲ್ಸನ್ ಬೇರೆ ಬೇರೆಯಾಗಿ ಅದನ್ನು ಖಚಿತಪಡಿಸಿದರು. ಎಕ್ಸ್ ಆದ ಮೇಲೆ ಅದರ ಜೊತೆಗಾರನಿಗೆ ವರ್ಣಮಾಲೆಯ ಮುಂದಿನ ಅಕ್ಷರ, ವೈ. ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಎಕ್ಸ್ ಮತ್ತು ವೈ ಎಂದು ನಾವು ಶಾಲೆಯಲ್ಲಿ ಉರು ಹೊಡೆದದ್ದರ ಹಿಂದೆ ಲಿಂಡೆ ಮರದ ಬುಡದ ಈ ಗಂಡು ಹುಳವಿದೆ. ಅದಕ್ಕೆ ವೈ ಇಲ್ಲವೇ ಇಲ್ಲ, ಒಂಟಿ ಎಕ್ಸ್ ಮಾತ್ರ. ನಮ್ಮೂರಿನಲ್ಲಿ ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈದ ಅತ್ತೆಯರಿಗೆಲ್ಲ ಉತ್ತರವಾದ ಜ್ಞಾನ, ಅಂದರೆ ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ಕಡೆಯಿಂದ ಬರುವುದರಿಂದ ಎಂಬ ಜ್ಞಾನ, ಇಲ್ಲಿಂದ ಶುರುವಾಯಿತು.

ಬೆಳೆಯಲಾರದ ಮರಿಗಳು

ಎರಡನೆಯ ಕಥೆ 1964ರದು. ಪ್ರಾಗ್‌ನ ಕರೆಲ್ ಸ್ಲಾಮಾ ಎಂಬ ಕೀಟಶಾಸ್ತ್ರಜ್ಞ ಅಮೆರಿಕದ ಹಾರ್ವರ್ಡ್‌ಗೆ, ಕ್ಯಾರೊಲ್ ವಿಲಿಯಮ್ಸ್ ಅವರ ಪ್ರಯೋಗಾಲಯಕ್ಕೆ ಹೋಗುವಾಗ ತನ್ನ ಬೆಂಕಿ ತಿಗಣೆಗಳನ್ನೂ ಜೊತೆಗೆ ಒಯ್ದ. ಪ್ರಾಗ್‌ನಲ್ಲಿ ವರ್ಷಗಟ್ಟಲೆ ಸಾಕಿದ ತಳಿ. ಅದೇ ಬೀಜ, ಅದೇ ನೀರು. ಆದರೆ ಅಲ್ಲಿ ಅವು ಪ್ರಾಯಕ್ಕೇ ಬರಲಿಲ್ಲ. ಐದನೆಯ ಪೊರೆ ಬಿಟ್ಟ ಮೇಲೆ ರೆಕ್ಕೆ ಮೂಡಬೇಕಾದದ್ದು ಮತ್ತೂ ಮರಿಯಾಗಿಯೇ ಉಳಿದವು. ಕೆಲವು ಇನ್ನೊಂದು ಪೊರೆಯನ್ನೂ ಬಿಟ್ಟು, ಮರಿಯಾಗಿಯೇ ದೊಡ್ಡದಾಗಿ, ಸತ್ತವು.

ಕೀಟಗಳಿಗೆ ಎಳೆತನವನ್ನು ಕಾಪಾಡುವ ಒಂದು ಹಾರ್ಮೋನು ಇದೆ. ಅದು ಮೈಯಲ್ಲಿರುವ ತನಕ ಮರಿ ಮರಿಯಾಗಿಯೇ ಇರುತ್ತದೆ, ಅದು ನಿಂತಾಗ ಪ್ರಾಯ ಬರುತ್ತದೆ. ಈ ಹುಳಗಳಿಗೆ ಎಲ್ಲಿಂದಲೋ ಅಂಥದೇ ವಸ್ತು ಸಿಗುತ್ತಿದೆ ಎಂದು ಇಬ್ಬರಿಗೂ ಅನುಮಾನ ಬಂತು. ಒಂದೊಂದೇ ವ್ಯತ್ಯಾಸ ಹುಡುಕುತ್ತ ಹೋದರು. ಕೊನೆಗೆ ಸಿಕ್ಕಿದ್ದು ಹುಳಗಳ ಪೆಟ್ಟಿಗೆಯಲ್ಲಿ ಹಾಸಿದ್ದ ಕೈ ಒರೆಸುವ ಕಾಗದ! ಆಮೇಲೆ ಪತ್ರಿಕೆಗಳ ಪರೀಕ್ಷೆ ನಡೆಯಿತು. ನ್ಯೂಯಾರ್ಕ್ ಟೈಮ್ಸ್ ಹಾಸಿದರೆ ಹುಳ ಬೆಳೆಯುವುದಿಲ್ಲ. ಲಂಡನ್ನಿನ ಟೈಮ್ಸ್ ಹಾಸಿದರೆ ಬೆಳೆಯುತ್ತದೆ. ಅಮೆರಿಕದ 'ಸೈನ್ಸ್' ಆಗದು, ಇಂಗ್ಲೆಂಡಿನ 'ನೇಚರ್' ಆದೀತು. ಅಮೆರಿಕದ ಕಾಗದಕ್ಕೆ ಬಳಸುತ್ತಿದ್ದ ಬಾಲ್ಸಮ್ ಫರ್ ಎಂಬ ಮರದಲ್ಲಿ ಆ ಹಾರ್ಮೋನಿನಂತೆಯೇ ಕೆಲಸ ಮಾಡುವ ವಸ್ತು ಇತ್ತು. ಮರ ಕಾಗದವಾದರೂ ಅದು ಹೋಗಿರಲಿಲ್ಲ. 1965ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಆ ವಸ್ತುವನ್ನು ಬೇರ್ಪಡಿಸಿ ಜುವಬಯೋನ್ ಎಂದು ಹೆಸರಿಟ್ಟರು.

ಪರೀಕ್ಷಿಸಿದ ಬೇರೆ ಕುಟುಂಬಗಳ ಕೀಟಗಳ ಮೇಲೆ ಆ ಕಾಗದ ಪರಿಣಾಮ ಮಾಡಲಿಲ್ಲ, ಬೆಂಕಿ ತಿಗಣೆಯ ಕುಟುಂಬಕ್ಕೆ ಮಾತ್ರ ನಾಟಿತು. ಹಾಗಿದ್ದರೆ ಹತ್ತಿಯ ಕೆಂಪು ತಿಗಣೆಗೆ? ಕೆ. ಎನ್. ಸಕ್ಸೇನಾ ಅವರು ವಿಲಿಯಮ್ಸ್ ಜೊತೆ ಸೇರಿ ಅದನ್ನೂ ನೋಡಿ 1966ರಲ್ಲಿ ಪ್ರಕಟಿಸಿದರು. ಅದಕ್ಕೂ ನಾಟುತ್ತದೆ. ಎಲ್ಲ ಹುಳಗಳನ್ನೂ ಒಟ್ಟಿಗೆ ಕೊಲ್ಲುವ ವಿಷದ ಬದಲು, ಬೇಕಾದ ಹುಳ ಮಾತ್ರ ಪ್ರಾಯಕ್ಕೆ ಬಾರದಂತೆ ತಡೆಯಬಹುದಲ್ಲ ಎಂಬ ಆಸೆಗೆ ಅಲ್ಲಿಂದ ಬಲ ಬಂತು. ಸೊಳ್ಳೆಮರಿಗಳ ಮೇಲೆ, ಉಗ್ರಾಣದ ಹುಳಗಳ ಮೇಲೆ ಬಳಸುವ ಮೆಥೋಪ್ರೀನ್‌ನಂಥ ಔಷಧಗಳು ಅದೇ ದಾರಿಯವು. ಜುವಬಯೋನಿನಷ್ಟು ಆರಿಸಿ ಹೊಡೆಯುವ ಗುಣ ಅವಕ್ಕೆ ಬರಲಿಲ್ಲ ಎನ್ನುವುದೂ ನಿಜ.

ಕೆಟಲಿನ ನೀರು

ಕೊನೆಗೆ ವ್ಯವಹಾರದ ಮಾತು. ಬೆಂಕಿ ತಿಗಣೆ ಮನುಷ್ಯರ ರಕ್ತ ಹೀರುವುದಿಲ್ಲ, ಹಾಸಿಗೆ ಸೇರುವುದಿಲ್ಲ, ತೋಟಕ್ಕೆ ಹೇಳಿಕೊಳ್ಳುವಂಥ ನಷ್ಟ ಮಾಡುವುದಿಲ್ಲ. ದಾರಿ ತಪ್ಪಿ ಒಳಗೆ ಬಂದರೆ ಪೊರಕೆಯಿಂದ ಮೊರಕ್ಕೆ ತಳ್ಳಿ ಮರದ ಬುಡಕ್ಕೆ ಬಿಟ್ಟರಾಯಿತು. ಬಾಗಿಲ ಹತ್ತಿರ ಗುಂಪು ಬೇಡವೆಂದರೆ ಬಿದ್ದ ಲಿಂಡೆ ಬೀಜಗಳನ್ನು ಗುಡಿಸಿ, ಊಟವಿಲ್ಲದ ಕಡೆ ಅವು ನಿಲ್ಲುವುದಿಲ್ಲ. ವಿಷ ಸಿಂಪಡಿಸಿದರೆ ಅದೇ ಹುಲ್ಲಿನಲ್ಲಿ ಬದುಕುವ, ನಮಗೆ ಹೆಸರೂ ಗೊತ್ತಿಲ್ಲದ ಹತ್ತಾರು ಜೀವಿಗಳಿಗೆ ಅದು ತಗಲುತ್ತದೆ. ಜರ್ಮನಿಯ ಪ್ರಕೃತಿ ಸಂರಕ್ಷಣಾ ಕಾಯ್ದೆಯ 39ನೆಯ ಕಲಮು ಸಕಾರಣವಿಲ್ಲದೆ ಕಾಡುಜೀವಿಗಳನ್ನು ಕೊಲ್ಲಬಾರದು ಎನ್ನುತ್ತದೆ, ಅದರಲ್ಲಿ ಹುಳುಗಳೂ ಸೇರಿವೆ. ಬೆಂಕಿ ತಿಗಣೆಗೆ ಸದ್ಯ ಕೊರತೆಯೇನಿಲ್ಲ. ಆದರೆ ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ಇಳಿದಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಣ್ಣೆದುರು ಧಾರಾಳವಾಗಿ ಇರುವ ಒಂದನ್ನೇ ಗುರುತಿಸದಿದ್ದರೆ, ಅಪರೂಪದ್ದು ಕಾಣೆಯಾದದ್ದು ನಮಗೆ ತಿಳಿಯುವುದಾದರೂ ಹೇಗೆ?

ಆ ಭಾನುವಾರ ಕೆಟಲಿನ ನೀರು ಮತ್ತೆ ಒಲೆಯ ಮೇಲೆ ಹೋಯಿತು. ಅದರಲ್ಲಿ ಮಾಡಿದ ಟೀ ಕುಡಿದು, ಅವರನ್ನೂ ಕರೆದುಕೊಂಡು ಹಿಂತಿರುಗಿದೆವು. ಹುಡುಗಿ ಮಾತ್ರ ಬರಲು ಒಪ್ಪಲಿಲ್ಲ. ಅಪ್ಪನೊಡನೆ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಿಮ್ಮುಖವಾಗಿ ನಡೆಯುತ್ತಿರುವುದು ಹೆಣ್ಣೋ ಗಂಡೋ ಎಂದು ವಾದ ಮಾಡುತ್ತಿದ್ದಳು. (ಸಾಮಾನ್ಯವಾಗಿ ಹೆಣ್ಣು ದೊಡ್ಡದು, ಎಳೆದುಕೊಂಡು ಹೋಗುವುದೂ ಅವಳೇ ಎಂದು ಅವಳಿಗೆ ತಿಳಿಸಬೇಕು.)

ಇನ್ನೊಂದು ಕೋರಿಕೆ. 'ತಿಗಣೆ' ಎಂಬ ಪದ ಬಿಟ್ಟರೆ ಈ ದೊಡ್ಡ ವಂಶಕ್ಕೆ ನಮ್ಮ ಬಾಯಲ್ಲಿ ಬೇರೆ ಪದ ಬರಲಿಲ್ಲ. ನಿಮ್ಮ ಊರಿನಲ್ಲಿ, ನಿಮ್ಮ ಅಜ್ಜಿಯ ಬಾಯಲ್ಲಿ ಹತ್ತಿ ಗಿಡದ, ಬೆಂಡೆಯ, ಬೂರುಗದ ಬುಡದ ಈ ಕೆಂಪು ಹುಳಕ್ಕೆ ಯಾವ ಹೆಸರಿತ್ತು? ಬರೆದು ಕಳಿಸಿ. ಬಂದ ಹೆಸರುಗಳನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಆ ಹುಡುಗಿಗೂ ಒಂದು ಪ್ರತಿ.